ಮಂಗಳೂರಿನಿಂದ ಉಡುಪಿಗೆ ಒಳದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆದ್ದಾರಿ ಬಿಟ್ಟು ಹಳ್ಳಿಗಳ ನಡುವೆ ನಿಧಾನವಾಗಿ ಕಾರು ಓಡಿಸಿಕೊಂಡು ಮಂಗಳೂರಿನಿಂದ ಉಡುಪಿಗೆ ಹೋಗುವ ಬಗ್ಗೆ ನೆಂಟರು, ಸ್ನೇಹಿತರು, ಪತ್ರ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲ ಸಲ ಹೊರಡುವವರು ಮೇಲಿನಿಂದ ಓದಿ. ಒಮ್ಮೆ ಹೋಗಿ ಬಂದವರು ನೇರ ಮೂರನೇ ಭಾಗಕ್ಕೆ ಹೋಗಬಹುದು.

## ಹೊರಡುವ ಮೊದಲು

ಇಷ್ಟು ದೊಡ್ಡ ಹೈವೇ ಇರುವಾಗ ಸುಮ್ನೆ ಯಾಕೆ ಸುತ್ತಿ ಬಳಸಿ ಹೋಗ್ಬೇಕು?

ಕೆಲಸಕ್ಕೆ ಹೋಗುವುದಾದರೆ ಬೇಡ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಉಡುಪಿಗೆ ಸುಮಾರು 55ರಿಂದ 60 ಕಿಲೋಮೀಟರ್. ದಾರಿ ಖಾಲಿ ಇದ್ದರೆ ಒಂದು, ಒಂದೂಕಾಲು ಗಂಟೆಯಲ್ಲಿ ಮುಟ್ಟುತ್ತೀರಿ. ಆದರೆ ಆ ದಾರಿಯಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ಎಂದು ಊರುಗಳ ಹೆಸರು ಬರುತ್ತದೆಯೇ ಹೊರತು ಊರು ಕಾಣುವುದಿಲ್ಲ. ಕಾಣುವುದು ಸರ್ವೀಸ್ ರೋಡು, ಅಂಗಡಿ ಬೋರ್ಡು, ಹೆಜಮಾಡಿಯ ಟೋಲ್‌ಗೇಟು.

ಹೆದ್ದಾರಿಯಿಂದ ಕೆಲವೇ ಕಿಲೋಮೀಟರ್ ಪೂರ್ವಕ್ಕೆ ಹೋದರೆ ಎಲ್ಲವೂ ಬೇರೆ. ಗದ್ದೆ ಬಯಲು, ಅಡಿಕೆ ತೋಟ, ಗರಡಿ (ಕೋಟಿ-ಚೆನ್ನಯರ ಗುಡಿ), ನಾಗಬನ, ಇಗರ್ಜಿ, ಹಾಲಿನ ಸೊಸೈಟಿ, ಶಾಲೆಯ ಮೈದಾನ. ತುಳುನಾಡು ಹೇಗೆ ಬದುಕುತ್ತದೆ ಎಂದು ನೋಡಬೇಕಾದರೆ ನೋಡಬೇಕಾದ್ದು ಈ ಒಳದಾರಿಗಳನ್ನೇ. ಇಲ್ಲಿ ನೆಲ ಏರುವುದು, ಇಳಿಯುವುದು, ನೀರು ಹರಿಯುವುದು, ಜನ ಮನೆ ಕಟ್ಟಿಕೊಳ್ಳುವುದು ಎಲ್ಲದಕ್ಕೂ ಒಂದಕ್ಕೊಂದು ಸಂಬಂಧ ಇದೆ. 80ರ ವೇಗದಲ್ಲಿ ಅದು ಗೊತ್ತಾಗುವುದಿಲ್ಲ, 30ರಲ್ಲಿ ಗೊತ್ತಾಗುತ್ತದೆ. ಅಷ್ಟಕ್ಕೇ ಈ ಸುತ್ತು.

ಯಾವ ದಾರಿ ಅಂತ ಊರಿನ ಹೆಸರು ಹೇಳಿಬಿಡಿ, ಬರ್ಕೊಳ್ತೇನೆ.

ನಾನು ಎಲ್ಲರಿಗೂ ಮೊದಲು ಹೇಳುವ ದಾರಿ ಇದು: ಮಂಗಳೂರು, ಕಾವೂರು, ಮರವೂರು ಸೇತುವೆ, ಬಜಪೆ, ಕಟೀಲು, ಕಿನ್ನಿಗೋಳಿ, ದಾಮಸ್ಕಟ್ಟೆ, ಐಕಳ, ಸಂಕಲಕರಿಯ, ಮುಂಡ್ಕೂರು, ಬೆಳ್ಮಣ್, ಶಿರ್ವ, ಮೂಡುಬೆಳ್ಳೆ, ಅಲೆವೂರು, ಉಡುಪಿ. ಒಟ್ಟು 70ರಿಂದ 80 ಕಿಲೋಮೀಟರ್ ಆಗುತ್ತದೆ. ಎಲ್ಲೆಲ್ಲಿ ಒಳಗೆ ನುಗ್ಗುತ್ತೀರಿ ಎನ್ನುವುದರ ಮೇಲೆ ಹೆಚ್ಚು ಕಡಿಮೆ.

ಸಂಕಲಕರಿಯದಲ್ಲಿ ಶಾಂಭವಿ ನದಿ ದಾಟಿದರೆ ದಕ್ಷಿಣ ಕನ್ನಡ ಮುಗಿದು ಉಡುಪಿ ಜಿಲ್ಲೆ ಶುರು. ಶಿರ್ವದಿಂದ ಇನ್ನೊಂದು ಕವಲೂ ಉಂಟು: ಬಂಟಕಲ್, ಶಂಕರಪುರ, ಕಟಪಾಡಿ. ಮಲ್ಲಿಗೆ ಊರು ನೋಡಬೇಕು, ಕುಂಜಾರುಗಿರಿ ಹತ್ತಬೇಕು ಅನ್ನುವವರು ಅಲ್ಲಿ ಎಡಕ್ಕೆ ತಿರುಗಿ. ಮಧ್ವಾಚಾರ್ಯರು ಹುಟ್ಟಿದ ಪಾಜಕ ಕ್ಷೇತ್ರವೂ ಅಲ್ಲೇ ಗುಡ್ಡದ ಬುಡದಲ್ಲಿದೆ.

ದಾರಿಯುದ್ದಕ್ಕೂ ಒಂದು ವಿಶೇಷ ಗಮನಿಸಿ. ಕಟೀಲು, ಮುಂಡ್ಕೂರು, ಬೆಳ್ಮಣ್, ಬಂಟಕಲ್, ಕುಂಜಾರುಗಿರಿ, ಇಷ್ಟೂ ಕಡೆ ಇರುವುದು ದುರ್ಗೆಯ ದೇವಸ್ಥಾನವೇ. ದೇವಸ್ಥಾನಗಳ ಯಾತ್ರೆ ಅಂತ ಹೊರಡದೇ ಇದ್ದರೂ ಅಮ್ಮನ ದರ್ಶನ ದಾರಿಯಲ್ಲೇ ಆಗುತ್ತಾ ಹೋಗುತ್ತದೆ.

ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನ ಊಟಕ್ಕೆ ಉಡುಪಿ ಮುಟ್ಬಹುದಾ?

ಮುಟ್ಟಬಹುದು. ಆದರೆ ಯಾರೊಂದಿಗೂ "ಇಷ್ಟು ಗಂಟೆಗೆ ಬರ್ತೇನೆ" ಅಂತ ಹೇಳಿಟ್ಟು ಹೊರಡಬೇಡಿ. ಎಲ್ಲೂ ನಿಲ್ಲಿಸದೆ ಹೋದರೆ ಎರಡೂವರೆ ಗಂಟೆಯ ದಾರಿ. ನಿಲ್ಲಿಸದೆ ಹೋಗುವುದಾದರೆ ಈ ದಾರಿಯೇ ಬೇಡ, ಅಲ್ವಾ? ಬೆಳಿಗ್ಗೆ ಆರೂವರೆ, ಏಳಕ್ಕೆ ಮಂಗಳೂರು ಬಿಡಿ. ಕಟೀಲಿನಲ್ಲಿ ಗದ್ದಲ ಇರುವುದಿಲ್ಲ, ಕಿನ್ನಿಗೋಳಿಯಲ್ಲಿ ತಿಂಡಿ ಬಿಸಿ ಇರುತ್ತದೆ, ಮುಂಡ್ಕೂರಿನ ಬಯಲಿನಲ್ಲಿ ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿರುತ್ತದೆ. ಮಧ್ಯಾಹ್ನ ಒಂದು, ಒಂದೂವರೆಗೆ ಉಡುಪಿ. ಎಂಟೂವರೆಯ ನಂತರ ಶಾಲೆ ಬಸ್ಸು, ಕಾಲೇಜು ಮಕ್ಕಳು, ಆಫೀಸಿಗೆ ಹೋಗುವವರು ಎಲ್ಲ ಒಟ್ಟಿಗೆ ರಸ್ತೆಗೆ ಬರುತ್ತಾರೆ. ಆ ಒಂದು ಗಂಟೆ ಎಲ್ಲಾದರೂ ಚಾ ಕುಡಿಯುತ್ತಾ ಕುಳಿತರೆ ನಿಮಗೂ ಹಿತ, ಅವರಿಗೂ ಹಿತ.

ಸಣ್ಣ ಕಾರು ಸಾಕಾ, ಜೀಪೇ ಬೇಕಾ?

ಸಣ್ಣ ಕಾರೇ ಒಳ್ಳೆಯದು. ಡಾಮರು ಅಥವಾ ಕಾಂಕ್ರೀಟು ಇಲ್ಲದ ರಸ್ತೆ ಈ ದಾರಿಯಲ್ಲಿ ಬರುವುದಿಲ್ಲ. ಅಗಲ ಕಡಿಮೆ ಇರುವುದರಿಂದ ದೊಡ್ಡ ಗಾಡಿಗೆ ಕಷ್ಟ ಜಾಸ್ತಿ. ಸ್ಕೂಟರ್, ಬೈಕಿಗಂತೂ ಹೇಳಿ ಮಾಡಿಸಿದ ದಾರಿ. ಪೆಟ್ರೋಲ್ ಬಂಕ್ ದಾರಿಯ ದೊಡ್ಡ ಪೇಟೆಗಳಲ್ಲಿ ಸಿಗುತ್ತದೆ. ಎಲೆಕ್ಟ್ರಿಕ್ ಕಾರಿನವರು ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ಹೊರಟರೆ ದಾರಿಯಲ್ಲಿ ಯೋಚನೆ ಇಲ್ಲ.

ಯಾವ ತಿಂಗಳು ಹೋದ್ರೆ ಚೆಂದ?

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯ ತನಕ. ಜೂನ್, ಜುಲೈಯಲ್ಲಿ ನೆಟ್ಟ ಏಣೆಲು ಬೆಳೆ, ಅಂದರೆ ಮಳೆಗಾಲದ ಭತ್ತ, ಆಗ ತೆನೆ ಬಗ್ಗಿ ಹಳದಿಗೆ ತಿರುಗಿರುತ್ತದೆ. ಮಳೆ ಹೋಗಿ ಬಂದು ಮಾಡುತ್ತದೆ, ತೋಡುಗಳಲ್ಲಿ (ಸಣ್ಣ ಹಳ್ಳಗಳಲ್ಲಿ) ನೀರು ತಿಳಿಯಾಗಿರುತ್ತದೆ. ಕಟಾವು ಯಂತ್ರ ಗದ್ದೆಗೆ ಇಳಿಯುವುದಕ್ಕೆ ಮುಂಚಿನ ಆ ಕೆಲವು ವಾರ ಐಕಳ, ಮುಂಡ್ಕೂರು ಕಡೆಯ ಬಯಲು ನೋಡಿದರೆ ಮತ್ತೆ ಬೇರೆ ತಿಂಗಳ ಮಾತು ಬೇಡ ಅನ್ನಿಸುತ್ತದೆ. ಸೆಪ್ಟೆಂಬರ್ 8ರಂದು ಕಿನ್ನಿಗೋಳಿ, ಶಿರ್ವ, ಮೂಡುಬೆಳ್ಳೆಯ ಕಡೆ ಹೋದರೆ ಮೊಂತಿ ಹಬ್ಬ. ಮಕ್ಕಳು ಬುಟ್ಟಿಯಲ್ಲಿ ಹೂವು ಹಿಡಿದು ಇಗರ್ಜಿಗೆ ಹೋಗುತ್ತಾರೆ, ಹೊಸ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ದೀಪಾವಳಿಗೆ ಹೋದರೆ ಬಲೀಂದ್ರನನ್ನು ಕರೆದು ಗದ್ದೆಗೆ ದೀಪ ಇಡುವುದು ಕಾಣಬಹುದು.

ನವೆಂಬರಿನಿಂದ ಫೆಬ್ರವರಿ ತನಕ ಹವೆ ತಂಪು, ಸುಗ್ಗಿ ಬೆಳೆ (ಎರಡನೇ ಭತ್ತ) ಹಸಿರು, ಕಂಬಳದ ಕಾಲ. ನೀರು ಕಡಿಮೆ ಇರುವ ಗದ್ದೆಗಳಲ್ಲಿ ಉದ್ದು, ಹೆಸರು ಹಾಕಿರುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಸೆಖೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಗುಡ್ಡದ ಮೇಲೆ ಗೇರುಹಣ್ಣಿನ ಪರಿಮಳ, ದಾರಿ ಬದಿಯಲ್ಲಿ ಬೊಂಡ (ಎಳನೀರು), ಪುನರ್ಪುಳಿ ಶರಬತ್ತು, ಮಾವು, ಹಲಸು ಎಲ್ಲ ಆಗಲೇ. ಮಳೆಗಾಲದ ವಿಷಯ ಕೆಳಗೆ ಬೇರೆಯಾಗಿ ಬರೆದಿದ್ದೇನೆ.

## ದಾರಿಯಲ್ಲಿ

ಗೂಗಲ್ ಮ್ಯಾಪ್ ನಂಬಿ ಹೋಗ್ಬಹುದಾ?

ಅದಕ್ಕೆ ಉಡುಪಿ ಅಂತ ಹೇಳಿದರೆ ಪ್ರತಿ ತಿರುವಿನಲ್ಲೂ ನಿಮ್ಮನ್ನು ಹೆದ್ದಾರಿಗೆ ಎಳೆಯುತ್ತದೆ. ಹಾಗಾಗಿ ಒಂದೊಂದೇ ಊರಿನ ಹೆಸರು ಹಾಕಿಕೊಳ್ಳಿ: ಮೊದಲು ಕಟೀಲು, ಆಮೇಲೆ ಮುಂಡ್ಕೂರು, ಆಮೇಲೆ ಶಿರ್ವ. ಮ್ಯಾಪಿನಲ್ಲಿ ಸಪೂರ ಗೆರೆಯಾಗಿ ಕಾಣುವ ಎಷ್ಟೋ ರಸ್ತೆಗಳು ಯಾರದೋ ಮನೆಯ ಅಂಗಳದಲ್ಲಿ ಮುಗಿಯುತ್ತವೆ. ಅಲ್ಲಿ ಹೋಗಿ ಕಾರು ತಿರುಗಿಸಬೇಕಾಗಿ ಬಂದರೆ ಗಾಜು ಇಳಿಸಿ ಮನೆಯವರಿಗೆ ಒಂದು ಮಾತು ಹೇಳಿ. ಬಹುಪಾಲು ಅವರೇ ಬಂದು "ಬರ್ಲಿ, ಬರ್ಲಿ" ಅಂತ ಹಿಂದೆ ನಿಂತು ತಿರುಗಿಸಿ ಕೊಡುತ್ತಾರೆ.

ಜನರನ್ನು ಕೇಳುವುದೇ ಸರಿಯಾದ ದಾರಿ. ಇಲ್ಲಿ ಎಡ, ಬಲ, ಇಷ್ಟು ಮೀಟರ್ ಎಂದು ಯಾರೂ ಹೇಳುವುದಿಲ್ಲ. "ಸೀದಾ ಹೋಗಿ, ಒಂದು ಅಶ್ವತ್ಥಕಟ್ಟೆ ಸಿಗ್ತದೆ, ಅಲ್ಲಿ ಕೆಳಗೆ ಇಳೀರಿ, ಡೈರಿ ಹತ್ರ ಮತ್ತೆ ಕೇಳಿ." ಕೆಳಗೆ ಅಂದರೆ ಬಯಲಿನ ಕಡೆ, ಮೇಲೆ ಅಂದರೆ ಗುಡ್ಡದ ಕಡೆ. ಇಷ್ಟು ತಿಳಿದಿದ್ದರೆ ದಾರಿ ತಪ್ಪುವುದಿಲ್ಲ. ಡೈರಿ ಎಂದರೆ ಹಾಲಿನ ಸೊಸೈಟಿ. ಬೆಳಿಗ್ಗೆ, ಸಂಜೆ ಹಾಲು ಹಾಕುವ ಹೊತ್ತಿಗೆ ಅಲ್ಲಿ ನಾಲ್ಕು ಜನ ನಿಂತೇ ಇರುತ್ತಾರೆ, ಆ ಊರಿನ ಎಲ್ಲ ದಾರಿಯೂ ಅವರಿಗೆ ಗೊತ್ತು.

ನಮಗೆ ತುಳು ಬರುದಿಲ್ಲ. ತೊಂದ್ರೆ ಆಗ್ತದಾ?

ಏನೂ ಇಲ್ಲ. ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಉತ್ತರ ಸಿಗುತ್ತದೆ. ಗಂಡಸರಿಗೆ ಅಣ್ಣ, ಹೆಂಗಸರಿಗೆ ಅಕ್ಕ, ಹಿರಿಯರಿಗೆ ಅಜ್ಜ, ಅಮ್ಮ. "ಉಡುಪಿಗ್ ಪೋಪಿ ಸಾದಿ ಒವು ಅಣ್ಣ?" (ಉಡುಪಿಗೆ ಹೋಗುವ ದಾರಿ ಯಾವುದು ಅಣ್ಣ?) ಅಂತ ಒಂದು ವಾಕ್ಯ ಕಲಿತುಕೊಂಡರೆ ಕೇಳಿದವರ ಮುಖ ಅರಳುತ್ತದೆ. ಆದರೆ ಉತ್ತರವೂ ತುಳುವಿನಲ್ಲೇ ಬರುತ್ತದೆ, ಅದಕ್ಕೆ ತಯಾರಿರಿ.

ಸಪೂರ ರಸ್ತೆಯಲ್ಲಿ ಎದುರಿಂದ ಬಸ್ ಬಂದ್ರೆ ಎಂತ ಮಾಡುದು?

ಬಸ್ಸಿಗೆ ಜಾಗ ಕೊಡುವುದು. ಈ ಊರುಗಳಲ್ಲಿ ಓಡುವ ಖಾಸಗಿ ಸರ್ವೀಸ್ ಬಸ್ಸುಗಳಿಗೆ ಟೈಮಿಂಗ್ ನಿಮಿಷದ ಲೆಕ್ಕದಲ್ಲಿ ಇರುತ್ತದೆ. ಡ್ರೈವರಿಗೆ ಪ್ರತಿ ತಿರುವು, ಪ್ರತಿ ಗುಂಡಿ ಗೊತ್ತು, ನಿಮಗೆ ಗೊತ್ತಿಲ್ಲ. ದೂರದಿಂದ ಹಾರ್ನ್ ಕೇಳಿದ ಕೂಡಲೇ ಅಗಲ ಇರುವ ಕಡೆ ಎಡಕ್ಕೆ ಸರಿದು ನಿಂತುಬಿಡಿ. ಯಾರ ಹಿಂದೆ ಅಗಲ ಜಾಗ ಹತ್ತಿರ ಇದೆಯೋ ಅವರು ಹಿಂದೆ ಹೋಗುವುದು ಇಲ್ಲಿನ ಪದ್ಧತಿ. ಕಂಡಕ್ಟರು ಇಳಿದು ಸೀಟಿ ಹೊಡೆದು ಸನ್ನೆ ಮಾಡಿದರೆ ಅವರನ್ನು ನಂಬಿ, ಕನ್ನಡಿ ನೋಡುವುದಕ್ಕಿಂತ ಅದು ಒಳ್ಳೆಯದು.

ಬಸ್ಸಿಗಿಂತ ಹೆಚ್ಚು ಹೆದರಬೇಕಾದ್ದು ರಸ್ತೆಯ ಅಂಚಿಗೆ. ಹೊಸ ಕಾಂಕ್ರೀಟು ರಸ್ತೆಗಳು ಪಕ್ಕದ ಮಣ್ಣಿಗಿಂತ ಒಂದು ಗೇಣು ಎತ್ತರ ಇರುತ್ತವೆ. ಅಂಚಿಗೆ ಹುಲ್ಲು ಬೆಳೆದು ಆ ಎತ್ತರ ಕಾಣುವುದಿಲ್ಲ. ಎಡದ ಚಕ್ರ ಜಾರಿ ಕೆಳಗೆ ಇಳಿದರೆ ಕಾರಿನ ಹೊಟ್ಟೆ ಕಾಂಕ್ರೀಟಿಗೆ ತಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಚಕ್ರವನ್ನು ಒಳಗೆ ಎಳೆಯುತ್ತದೆ. ಪಕ್ಕದಲ್ಲಿ ಕುಳಿತವರು ತಲೆ ಹೊರಗೆ ಹಾಕಿ ನೋಡಿ ಹೇಳಿದ ಮೇಲೆಯೇ ಚಕ್ರ ಇಳಿಸಿ.

ತಿನ್ಲಿಕ್ಕೆ ಎಂತ ಸಿಗ್ತದೆ? ಬುತ್ತಿ ಕಟ್ಕೊಂಡು ಹೋಗ್ಬೇಕಾ?

ಬುತ್ತಿ ಬೇಡ. ಹಸಿದುಕೊಂಡು ಹೋಗಿ. ಬೆಳಿಗ್ಗೆ ಪೇಟೆಯ ಯಾವ ಸಣ್ಣ ಹೋಟೆಲಿಗೆ ಹೋದರೂ ಬನ್ಸ್, ಗೋಳಿಬಜೆ, ನೀರುದೋಸೆ, ಸಜ್ಜಿಗೆ-ಬಜಿಲ್ ಇರುತ್ತದೆ. ಸಜ್ಜಿಗೆ-ಬಜಿಲ್ ಅಂದರೆ ಉಪ್ಪಿಟ್ಟು ಮತ್ತು ಖಾರದ ಅವಲಕ್ಕಿ ಒಂದೇ ತಟ್ಟೆಯಲ್ಲಿ. ಎರಡನ್ನೂ ಕಲಸಿ ತಿನ್ನಬೇಕು, ಬೇರೆ ಬೇರೆ ತಿಂದರೆ ರುಚಿ ಗೊತ್ತಾಗುವುದಿಲ್ಲ. ಬನ್ಸ್ ಒಳ್ಳೆಯದಿದೆಯೋ ಇಲ್ಲವೋ ಅಂತ ಮುರಿದ ಕೂಡಲೇ ತಿಳಿಯುತ್ತದೆ. ಒಳಗೆ ಟೊಳ್ಳಾಗಿ ಬಾಳೆಹಣ್ಣಿನ ಪರಿಮಳ ಬರಬೇಕು, ಕೈಗೆ ಎಣ್ಣೆ ಅಂಟಬಾರದು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಮೀನೂಟ ಸಣ್ಣ ಸಣ್ಣ ಹೋಟೆಲುಗಳಲ್ಲಿ ಸಿಗುತ್ತದೆ. ಬಂಗುಡೆ, ಬೂತಾಯಿ ತಿನ್ನುವವರು ಒಂದು ಲೆಕ್ಕ ಇಟ್ಟುಕೊಳ್ಳಿ: ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗ ಮೀನು ಕಡಿಮೆ, ಕ್ರಯ ಜಾಸ್ತಿ. ಕಟೀಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಇದ್ದರೆ ದೇವಸ್ಥಾನದಲ್ಲೇ ಊಟ ಮಾಡಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಯಾರಾದರೂ ಮನೆಗೆ ಕರೆದು ಪತ್ರೊಡೆ ಕೊಟ್ಟರೆ ಬೇಡ ಅನ್ನಬೇಡಿ.

ಜೊತೆಗೆ ವಯಸ್ಸಾದವರು, ಮಕ್ಕಳು ಇದ್ದಾರೆ. ಟಾಯ್ಲೆಟ್‌ಗೆ ಎಲ್ಲಿ ಹೋಗುದು?

ಪೆಟ್ರೋಲ್ ಬಂಕ್, ದೊಡ್ಡ ದೇವಸ್ಥಾನ, ಪೇಟೆಯ ಹೋಟೆಲು. ಕಟೀಲು ಮತ್ತು ಬೆಳ್ಮಣ್ಣಿನಲ್ಲಿ ತಪ್ಪದೆ ನಿಲ್ಲಿಸಿ. ತಿರುವು ಜಾಸ್ತಿ ಇರುವುದರಿಂದ ವಾಂತಿ ಮಾಡುವ ಮಕ್ಕಳನ್ನು ಮುಂದೆ ಕೂರಿಸಿ, ಗಾಜು ಇಳಿಸಿ, ಎಸಿ ಬಂದ್ ಮಾಡಿ.

ಚೆಂದ ಕಂಡ ಗದ್ದೆಗೆ ಇಳಿದು ಫೋಟೋ ತೆಗೀಬಹುದಾ?

ರಸ್ತೆಯಲ್ಲಿ ನಿಂತು ತೆಗೆಯಿರಿ. ಗದ್ದೆಗೆ ಇಳಿಯುವ ಮೊದಲು ಹತ್ತಿರ ಯಾರಿದ್ದಾರೆ ನೋಡಿ ಕೇಳಿ. ಗದ್ದೆಯ ಹುಣಿ ನೋಡಲಿಕ್ಕೆ ಗಟ್ಟಿ ಕಾಣುತ್ತದೆ, ಆದರೆ ಅದು ಒಳಗಿನ ನೀರನ್ನು ಹಿಡಿದು ನಿಲ್ಲಿಸುವ ಮಣ್ಣಿನ ಏರಿ. ಶೂ ಹಾಕಿದ ನಾಲ್ಕು ಜನ ಅದರ ಮೇಲೆ ಓಡಾಡಿದರೆ ಅಂಚು ಕುಸಿದು ನೀರು ಕೆಳಗಿನ ಗದ್ದೆಗೆ ಹೋಗುತ್ತದೆ. ಆಮೇಲೆ ಅದನ್ನು ಮತ್ತೆ ಕಟ್ಟಬೇಕಾದವರು ಗದ್ದೆಯವರು. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ನಾಗಬನ, ದೈವಸ್ಥಾನ, ಗರಡಿಗಳ ಒಳಗೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಕೇಳದೆ ಫೋಟೋ ತೆಗೆಯಬೇಡಿ. ಕೆಲಸ ಮಾಡುತ್ತಿರುವ ಹೆಂಗಸರ ಫೋಟೋ ತೆಗೆಯುವ ಮೊದಲು ಮಾತನಾಡಿಸಿ. ಕಂಬಳದಲ್ಲಿ ಆ ತೊಂದರೆ ಇಲ್ಲ, ಅಲ್ಲಿ ಎಲ್ಲರೂ ತೆಗೆಯುತ್ತಾರೆ. ಕೋಣಗಳ ಹಿಂದೆ ಮಾತ್ರ ನಿಲ್ಲಬೇಡಿ.

## ಇನ್ನೂ ಸ್ವಲ್ಪ ಒಳಗೆ

ಈ ದಾರಿ ಯಾಕೆ ಹೀಗೆ ಹತ್ತಿ ಇಳಿದು, ಹತ್ತಿ ಇಳಿದು ಹೋಗ್ತದೆ?

ಎಲ್ಲ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ನಮ್ಮ ನದಿಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ, ಘಟ್ಟದ ಕಡೆಯಿಂದ ಕಡಲಿಗೆ ಹರಿಯುತ್ತವೆ. ನೀವು ಹೋಗುತ್ತಿರುವುದು ದಕ್ಷಿಣದಿಂದ ಉತ್ತರಕ್ಕೆ. ಅಂದರೆ ಒಂದೊಂದು ನದಿಯನ್ನೂ ಅಡ್ಡ ದಾಟಲೇಬೇಕು. ಮರವೂರಿನಲ್ಲಿ ಫಲ್ಗುಣಿ, ಕಟೀಲಿನಲ್ಲಿ ನಂದಿನಿ, ಸಂಕಲಕರಿಯದಲ್ಲಿ ಶಾಂಭವಿ, ಆಮೇಲೆ ಉದ್ಯಾವರ ಹೊಳೆಗೆ ಸೇರುವ ತೋಡುಗಳು. ಎರಡು ನದಿಗಳ ನಡುವೆ ಇರುವುದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ, ಅದರ ಮೇಲೆ ಬಹುಪಾಲು ಸಮತಟ್ಟು. ಹಾಗಾಗಿ ನದಿಗೆ ಇಳಿ, ಗುಡ್ಡಕ್ಕೆ ಹತ್ತು, ಮತ್ತೆ ನದಿಗೆ ಇಳಿ.

ಮರವೂರು ಸೇತುವೆ ದಾಟಿ ಬಜಪೆಗೆ ಹತ್ತುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಸೇತುವೆಯ ಹತ್ತಿರ ತೆಂಗು, ನೀರು, ತಗ್ಗು. ಸ್ವಲ್ಪ ಹೊತ್ತಿನಲ್ಲೇ ನೀವು ಗುಡ್ಡದ ತಲೆಯ ಮೇಲೆ. ಮಂಗಳೂರಿನ ವಿಮಾನ ನಿಲ್ದಾಣವನ್ನು 1951ರಲ್ಲಿ ಶುರು ಮಾಡಿದ್ದು ಇಂಥದೇ ಗುಡ್ಡದ ತಲೆಯ ಮೇಲೆ. ರನ್‌ವೇಯ ತುದಿಯಲ್ಲಿ ನೆಲ ಸೀದಾ ಕೆಳಗೆ ಇಳಿಯುತ್ತದೆ.

ರೈತರು ಈ ಏರಿಳಿತಕ್ಕೆ ಮೂರು ಹೆಸರು ಇಟ್ಟಿದ್ದಾರೆ: ಬೆಟ್ಟು, ಮಜಲು, ಬೈಲು. ಬೈಲು ಎಲ್ಲಕ್ಕಿಂತ ಕೆಳಗಿನ ಗದ್ದೆ. ಅಲ್ಲಿ ನೀರು ಜಾಸ್ತಿ ದಿನ ನಿಲ್ಲುತ್ತದೆ, ಹಿಂದೆ ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುತ್ತಿದ್ದರು. ಮಜಲಿನಲ್ಲಿ ಎರಡು. ಬೆಟ್ಟಿನಲ್ಲಿ ಮಳೆ ನಂಬಿ ಒಂದೇ. ಮನೆ ಇರುವುದು ಸಾಮಾನ್ಯವಾಗಿ ಬೈಲಿನ ಅಂಚಿನಲ್ಲಿ, ಸ್ವಲ್ಪ ಎತ್ತರದಲ್ಲಿ, ಗದ್ದೆಗೆ ಮುಖ ಮಾಡಿ. ಹಿಂದೆ ಗುಡ್ಡ, ಗುಡ್ಡದಲ್ಲಿ ಗೇರು ಮತ್ತು ಸೊಪ್ಪು, ಆ ಸೊಪ್ಪು ದನದ ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ.

ಕಾರು ಹತ್ತುತ್ತಿರುವಾಗ ಇದನ್ನು ನೆನಪಿಟ್ಟುಕೊಳ್ಳಿ. ಭತ್ತ ಮುಗಿದು ಅಡಿಕೆ, ಅಡಿಕೆ ಮುಗಿದು ತೆಂಗು, ತೆಂಗು ಮುಗಿದು ಗೇರು, ಆಮೇಲೆ ಬರೀ ಪಾದೆ (ಬಂಡೆ ನೆಲ) ಮತ್ತು ಮುಳಿಹುಲ್ಲು. ಇಳಿಯುವಾಗ ಇದೇ ಪಟ್ಟಿ ತಿರುಗಿ ಬರುತ್ತದೆ. ಈಗ ಗುಡ್ಡದ ಮೇಲೆ ರಬ್ಬರ್, ಕಲ್ಲಿನ ಕೋರೆ, ಸೈಟುಗಳು ಜಾಸ್ತಿಯಾಗಿವೆ, ಬೇಸಾಯ ಬಿಟ್ಟು ಹಡಿಲು ಬಿದ್ದ ಗದ್ದೆಗಳೂ ಕಾಣುತ್ತವೆ. ಆದರೂ ಕ್ರಮ ಅಳಿಸಿಹೋಗಿಲ್ಲ.

ಸೇತುವೆ ಕೆಳಗೆ ಸಾಲಾಗಿ ಹಲಗೆ ಹಾಕಿದ್ದಾರೆ. ಅದೆಂತದು?

ಕಿಂಡಿ ಅಣೆಕಟ್ಟು. ಕಂಬಗಳ ನಡುವೆ ಕಿಂಡಿ ಬಿಟ್ಟು ಕಟ್ಟಿರುತ್ತಾರೆ. ಮಳೆಗಾಲದಲ್ಲಿ ಕಿಂಡಿ ತೆರೆದಿರುತ್ತದೆ, ನೆರೆ ನೀರು ಹಾಗೇ ಹೋಗುತ್ತದೆ. ಮಳೆ ನಿಂತ ಮೇಲೆ, ನವೆಂಬರ್, ಡಿಸೆಂಬರ್ ಹೊತ್ತಿಗೆ, ಕಿಂಡಿಗೆ ಹಲಗೆ ಇಳಿಸುತ್ತಾರೆ. ಹಳೆಯ ಕಟ್ಟಗಳಲ್ಲಿ ಎರಡು ಸಾಲು ಮರದ ಹಲಗೆ ಹಾಕಿ ನಡುವೆ ಮಣ್ಣು ತುಂಬಿಸಿ ತುಳಿಯುವುದು. ಮಣ್ಣು ಸರಿಯಾಗಿ ಕೂತರೆ ನೀರು ಸೋರುವುದಿಲ್ಲ. ಮೇ ತಿಂಗಳಲ್ಲಿ, ಮಳೆ ಬರುವ ಮೊದಲು, ಹಲಗೆ ತೆಗೆದಿಡಬೇಕು.

ಇದರಿಂದ ಮೇಲ್ಗಡೆಯ ತೋಟಗಳಿಗೆ ಬೇಸಿಗೆಯಲ್ಲಿ ನೀರು, ಸುತ್ತಲಿನ ಬಾವಿಗಳಲ್ಲಿ ಒರತೆ. ಕಡಲಿಗೆ ಹತ್ತಿರದ ಕಟ್ಟಗಳಿಗೆ ಇನ್ನೊಂದು ಕೆಲಸ: ಭರತದ (ಕಡಲಿನ ಉಬ್ಬರದ) ಉಪ್ಪುನೀರು ಒಳಗೆ ಬಾರದ ಹಾಗೆ ತಡೆಯುವುದು. ಹಲವು ಕಡೆ ಕಟ್ಟದ ಮೇಲೆಯೇ ಸಣ್ಣ ರಸ್ತೆ ಇರುತ್ತದೆ. ಜನವರಿಯಲ್ಲಿ ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಒಣ ಕಲ್ಲು. ಕಾರು ದಾಟಿಸಿ ಆಚೆ ನಿಲ್ಲಿಸಿ, ನಡೆದು ಬಂದು ನೋಡಿ. ಮೇಲೆ ನಿಲ್ಲಿಸಬೇಡಿ, ಹಿಂದೆ ರಿಕ್ಷಾ ಬರುತ್ತಿರುತ್ತದೆ.

ಶಂಕರಪುರಕ್ಕೆ ಹೋಗಿದ್ದೆ, ಒಂದೂ ಮಲ್ಲಿಗೆ ತೋಟ ಕಾಣ್ಲಿಲ್ಲ. ಎಲ್ಲಿ ಉಂಟು?

ನೀವು ದೊಡ್ಡ ತೋಟ ಹುಡುಕಿರಬೇಕು. ಶಂಕರಪುರ ಮಲ್ಲಿಗೆ ಬೆಳೆಯುವುದು ಮನೆಯ ಹಿತ್ತಲಿನಲ್ಲಿ, ಅಂಗಳದ ಬದಿಯಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ. ಸೊಂಟದ ಎತ್ತರದ ಗಿಡಗಳು, ಹತ್ತಿಪ್ಪತ್ತು ಗಿಡ ಇದ್ದರೂ ಅದು ಒಂದು ಮನೆಯ ಆದಾಯ. ರಸ್ತೆಯಿಂದ ಪಾಗಾರದ ಒಳಗೆ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ನೋಡಬೇಕಾದರೆ ಬೆಳಿಗ್ಗೆ ಬೇಗ ಹೋಗಬೇಕು. ಮೊಗ್ಗು ಅರಳುವ ಮುಂಚೆ ಕೊಯ್ಯುತ್ತಾರೆ. ಆಮೇಲೆ ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟುವುದು. ನಾರನ್ನು ಸ್ವಲ್ಪ ಒದ್ದೆ ಮಾಡಿ, ಮೊಗ್ಗುಗಳನ್ನು ಜೋಡಿಸಿ ಒಂದು ಸುತ್ತು, ಒಂದು ಎಳೆತ. ಕೈ ಎಷ್ಟು ಬೇಗ ಹೋಗುತ್ತದೆಂದರೆ ಮಾತನಾಡುತ್ತಿರುವವರ ಕಣ್ಣು ಹೂವಿನ ಮೇಲೆ ಇರುವುದೇ ಇಲ್ಲ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ಕ್ರಯ ಶಂಕರಪುರದ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಮದುವೆಯ ಮುಹೂರ್ತ, ಹಬ್ಬ ಇದ್ದರೆ ಏರುತ್ತದೆ, ಆಷಾಢಕ್ಕೆ ಇಳಿಯುತ್ತದೆ. ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಇದಕ್ಕೆ ಭೌಗೋಳಿಕ ಮಾನ್ಯತೆಯೂ (ಜಿಐ ಟ್ಯಾಗ್) ಸಿಕ್ಕಿದೆ. ಸೆಖೆಯ ದಿನ ಕಾರಿನಲ್ಲಿ ಕೊಂಡುಹೋಗುವುದಾದರೆ ಬಾಳೆಎಲೆಯಲ್ಲಿ ಸುತ್ತಿಸಿಕೊಳ್ಳಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕಪ್ಪಾಗುತ್ತದೆ.

ಇದೇ ದಾರಿಯಲ್ಲಿ ಕಾರ್ಕಳ, ಮೂಡುಬಿದಿರೆ ಸೇರಿಸ್ಬಹುದಾ?

ಕಾರ್ಕಳ ಸೇರಿಸಬಹುದು. ಬೆಳ್ಮಣ್ಣಿನಲ್ಲಿ ಬಲಕ್ಕೆ ತಿರುಗಿ ನಿಟ್ಟೆ ದಾರಿಯಾಗಿ ಕಾರ್ಕಳ. ದಾರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ ಇದೆ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ, ಎದುರಿಗೆ 1586ರ ಚತುರ್ಮುಖ ಬಸದಿ, ಕೆಳಗೆ ಆನೆಕೆರೆ. ಇಲ್ಲಿಗೆ ಬಂದಾಗ ಮುರಕಲ್ಲು ಹಿಂದೆ ಉಳಿದು ಬೋಳು ಕರಿಕಲ್ಲಿನ ಪಾದೆಗಳು ಶುರುವಾಗುವುದನ್ನು ನೋಡಿ. ಅಲ್ಲಿಂದ ಬೈಲೂರು, ಹಿರಿಯಡಕ, ಮಣಿಪಾಲದ ಮೇಲೆ ಉಡುಪಿ. ಆದರೆ ಆಗ ಇಡೀ ದಿನ ಬೇಕು.

ಮೂಡುಬಿದಿರೆಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. 1430ರ ಸಾವಿರ ಕಂಬದ ಬಸದಿಯೊಂದಕ್ಕೇ ಅರ್ಧ ದಿನ ಕೊಡಬೇಕು. ಮಂಗಳೂರಿನಿಂದ ಅಲ್ಲಿಗೆ ಹೋಗುವ ಹೆದ್ದಾರಿ ಅಗಲವಾಗುವ ಕೆಲಸದಿಂದ ತುಂಬ ಬದಲಾಗಿದೆ, ನಿಧಾನದ ಪಯಣಕ್ಕೆ ಅದು ಈಗ ಹೇಳಿದ್ದಲ್ಲ.

ಜೋರು ಮಳೆಯಲ್ಲಿ ಹೋಗುದು ಹುಚ್ಚುತನವಾ?

ಅಲ್ಲ. ಆದರೆ ಯೋಚಿಸಿ ಹೋಗಬೇಕು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೆಂಪು, ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ಮನೆಯಲ್ಲೇ ಇರಿ. ಶಾಲೆಗೆ ರಜೆ ಕೊಟ್ಟಿದ್ದಾರೆ ಅಂದರೆ ತಿರುಗಾಟಕ್ಕೂ ರಜೆ. ಗುಡ್ಡ ಕಡಿದು ಮಾಡಿದ ರಸ್ತೆಗಳಲ್ಲಿ ಬರೆ (ಬದಿಯ ಮಣ್ಣಿನ ಗೋಡೆ) ಜರಿಯುತ್ತದೆ, ಮರ ಬೀಳುತ್ತದೆ. ಸೇತುವೆ ಅಥವಾ ಮೋರಿಯ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ಕಡಿಮೆ ಕಂಡರೂ ಇಳಿಸಬೇಡಿ. ಮೇಲ್ಗಡೆ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ.

ಮಳೆ ಬಿಟ್ಟು ಬಿಟ್ಟು ಬರುವ ದಿನ ಹೋದರೆ ಬೇಸಿಗೆಯಲ್ಲಿ ಕಾಣದ್ದು ಕಾಣುತ್ತದೆ. ಬೋಳು ಪಾದೆಯ ಮೇಲೆ ಹುಲ್ಲು, ಸಣ್ಣ ಹೂವು, ಪಾದೆಯ ಗುಂಡಿಗಳಲ್ಲಿ ನೀರು. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವವರು. ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಒಂದು ಗಂಟೆ ಮಳೆ ನಿಲ್ಲಲಿ ಅಂತ ಕಾಯುವವರು.

ರಾತ್ರಿ ಇದೇ ದಾರಿಯಲ್ಲಿ ವಾಪಸ್ ಬರ್ಬಹುದಾ?

ದಾರಿ ಗೊತ್ತಿಲ್ಲದವರು ಬೇಡ. ಬೀದಿದೀಪ ಪೇಟೆಯಲ್ಲಿ ಮಾತ್ರ, ತಿರುವಿನಲ್ಲಿ ನಾಯಿ, ದನ, ಕೆಲವೊಮ್ಮೆ ನವಿಲು. ದೀಪಾವಳಿ ಕಳೆದ ಮೇಲೆ ಮೇ 24ರ ಆಸುಪಾಸಿನ ಪತ್ತನಾಜೆಯ ತನಕ ಯಕ್ಷಗಾನ, ಕೋಲ, ನೇಮಗಳ ಕಾಲ. ಎಲ್ಲೋ ಒಂದು ಕಡೆ ಚೆಂಡೆ ಕೇಳುತ್ತದೆ, ರಸ್ತೆಯ ಎರಡೂ ಬದಿ ಗಾಡಿ ನಿಂತಿರುತ್ತವೆ, ಮಕ್ಕಳು ಅಡ್ಡ ಓಡುತ್ತಾರೆ. ಅಲ್ಲಿಗೇ ಹೋಗುವ ಮನಸ್ಸಿದ್ದರೆ ನಿಲ್ಲಿಸಿ ಹೋಗಿ ಕುಳಿತುಕೊಳ್ಳಿ, ಯಾರೂ ನೀವು ಯಾರು ಅಂತ ಕೇಳುವುದಿಲ್ಲ. ಮನೆಗೆ ಹೋಗುವುದಾದರೆ ಹೆದ್ದಾರಿ ಹಿಡಿಯಿರಿ.

ಹಗಲಲ್ಲೇ ವಾಪಸ್ ಬರುದಾದ್ರೆ ಹೈವೇ ಬಿಟ್ಟು ಬೇರೆ ದಾರಿ ಉಂಟಾ?

ಉಂಟು, ಕಡಲ ಬದಿಯದ್ದು. ಉಡುಪಿಯಿಂದ ಮಲ್ಪೆ, ಅಲ್ಲಿ ಸೇತುವೆ ದಾಟಿ ಪಡುಕೆರೆ, ಆಮೇಲೆ ಮಟ್ಟು, ಅಲ್ಲಿಂದ ಕಾಪು. ಉದ್ಯಾವರ ಹೊಳೆ ಕಡಲಿಗೆ ಹತ್ತಿರ ಬಂದರೂ ಕೂಡಲೇ ಸೇರುವುದಿಲ್ಲ. ಉತ್ತರಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹೋಗಿ ಮಲ್ಪೆಯಲ್ಲಿ ಸೇರುತ್ತದೆ. ನಡುವೆ ಉಳಿದ ಸಪೂರ ಪಟ್ಟಿಯ ಮೇಲೆ ನಿಮ್ಮ ರಸ್ತೆ. ಬಲಕ್ಕೆ ಕಡಲು, ಎಡಕ್ಕೆ ಹೊಳೆ, ನಡುವೆ ತೆಂಗು ಮತ್ತು ಮೀನುಗಾರರ ಮನೆಗಳು. ಮನೆ ಬಾಗಿಲು ರಸ್ತೆಗೇ ತೆರೆಯುತ್ತದೆ, ಆದ್ದರಿಂದ 20ಕ್ಕಿಂತ ಜಾಸ್ತಿ ಬೇಡ. ಬಲೆ ಒಣಗಿಸಿದ್ದರೆ ಅದರ ಮೇಲೆ ಚಕ್ರ ಹತ್ತಿಸಬೇಡಿ.

ಮಟ್ಟು ಅಂದರೆ ಗುಳ್ಳದ ಊರು. ಸೋದೆಯ ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅಂತ ಊರಿನವರು ನಂಬುವ, ತೆಳು ಹಸಿರಿನ ಗುಂಡನೆಯ ಬದನೆ. 2011ರಲ್ಲಿ ಇದಕ್ಕೂ ಭೌಗೋಳಿಕ ಮಾನ್ಯತೆ ಸಿಕ್ಕಿತು. ಮಳೆ ಬಿಟ್ಟ ಮೇಲೆ ನೆಟ್ಟು, ಡಿಸೆಂಬರಿನಿಂದ ಬೇಸಿಗೆ ತನಕ ಕೊಯ್ಯುತ್ತಾರೆ. ಆ ತಿಂಗಳುಗಳಲ್ಲಿ ಹೋದರೆ ಗದ್ದೆಯ ಬದಿಯಲ್ಲೇ ಕೇಳಿ ತೆಗೆದುಕೊಳ್ಳಬಹುದು. ತೊಟ್ಟಿನಲ್ಲಿ ಮುಳ್ಳು ಇರುತ್ತದೆ, ಜಾಗ್ರತೆ. ಹುಳಿ, ಸಾಂಬಾರು, ಬಜ್ಜಿ ಎಲ್ಲದಕ್ಕೂ ಆಗುತ್ತದೆ.

ಕಾಪುವಿನಲ್ಲಿ 1901ರ ದೀಪಸ್ತಂಭ ಇದೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಮೇಲೆ ಹತ್ತಲು ಬಿಡುತ್ತಾರೆ, ಹಾಗಾಗಿ ಮಲ್ಪೆಯನ್ನು ನಾಲ್ಕು ಗಂಟೆಗೆ ಮುಂಚೆ ಬಿಡಿ. ಕಾಪುವಿನಿಂದ ಮುಂದೆ ಹೆದ್ದಾರಿಯೇ ಸರಿ.